ಡಬ್ಬಿಯೊಳಗಿನ ಜೇಡ, ನಮ್ಮೊಳಗಿನ ಅನರ್ಥದಂಡ

ಮಹಾಪೆಯ ಐಟಿ ಸಂಸ್ಥೆಯೊಂದರಲ್ಲಿ ದುಡಿಯುವ ತರುಣನ ಮನೆಗೆ ಈಚೆಗೆ ಹೋಗಿದ್ದೆವು. ಬೆಳಗಾವಿ ಕಡೆಯ ಜೈನ ಮನೆತನ. ಸೂರ್ಯಾಸ್ತದೊಳಗೆ ಊಟ ಮುಗಿಸುವ, ಗಡ್ಡೆಗೆಣಸನ್ನು ಒಳಗೆ ತಾರದ ಮನೆ. ಮಗನ ಕೋಣೆಯ ಕಪಾಟಿನಲ್ಲಿ ಸಾಲಾಗಿ ಹದಿನಾಲ್ಕು ಡಬ್ಬಿಗಳಿದ್ದವು, ಒಂದೊಂದರಲ್ಲಿ ಒಂದೊಂದು ಟರಾಂಟುಲಾ. ಕೆಳಗಿನ ದೊಡ್ಡ ಡಬ್ಬಿಯಲ್ಲಿ ಅವುಗಳ ಆಹಾರಕ್ಕೆಂದು ಸಾಕಿದ ಜಿರಳೆಗಳು. ನಮ್ಮ ಮುಖವನ್ನು ನೋಡಿ ತಾಯಿ ಹೇಳಿದರು: “ಅಂವ ಏನೂ ಕೊಲ್ಲಂಗಿಲ್ರಿ, ಸಾಕತಾನ.”

ಆ ತಾಯಿಯ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಜೇಡವನ್ನು ಕಂಡೊಡನೆ ಚಪ್ಪಲಿಗೆ ಕೈ ಹಾಕುವವರ ನಡುವೆ ಅದನ್ನು ಕೌತುಕದಿಂದ ನೋಡುವ ಹುಡುಗ ಎಷ್ಟೋ ಮೇಲು. ಆದರೆ ಈ ಹವ್ಯಾಸ ನಗರಗಳಲ್ಲಿ ಬೇರೂರುತ್ತಿರುವಾಗ ಅದರ ಹಿಂದೆ ಏನಿದೆಯೆಂಬುದನ್ನು ತಿಳಿಯುವುದು ನಮ್ಮ ಕರ್ತವ್ಯ.

ಈ ವ್ಯಾಪಾರದಲ್ಲಿ ಬಹಳ ಬೇಡಿಕೆಯುಳ್ಳ ನೀಲಿ ಜೇಡವೊಂದು ನಮ್ಮ ಬಳ್ಳಾರಿಗೆ ದೂರವಲ್ಲದ ಗುತ್ತಿಯದು. ಅಲ್ಲಿಯ ರೈಲ್ವೆ ಮರದ ಅಂಗಳದಲ್ಲಿ ಸಿಕ್ಕ ಒಂದೇ ಮಾದರಿಯನ್ನು ಆಧರಿಸಿ 1899ರಲ್ಲಿ ಪೋಕಾಕ್ ಎಂಬ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಅದಕ್ಕೆ ಪೊಸಿಲೊಥೇರಿಯ ಮೆಟಾಲಿಕಾ ಎಂದು ಹೆಸರಿಟ್ಟ. ಆಮೇಲೆ ನೂರು ವರ್ಷ ಅದು ವಿಜ್ಞಾನಿಗಳ ಕಣ್ಣಿಗೆ ಬೀಳಲಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರುಗಳ ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. ಹಳೆಯ ಮರಗಳ ಪೊಟರೆಯೇ ಅದರ ಮನೆ. ಮರ ಕಡಿದಂತೆ ನೆಲೆ ಕಿರಿದಾಗಿ, 2008ರಲ್ಲಿ ಐಯುಸಿಎನ್ ಅದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. 2019ರಲ್ಲಿ ಜಿನೀವಾದಲ್ಲಿ ನಡೆದ ಸಮ್ಮೇಳನದಲ್ಲಿ ಅದರ ಇಡೀ ಕುಲವನ್ನೇ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ತರಲಾಯಿತು.

ವ್ಯಾಪಾರ ಎಷ್ಟು ದೂರದಿಂದ ನಡೆಯುತ್ತದೆ ಎಂಬುದಕ್ಕೆ 2021ರ ಜುಲೈನ ಒಂದು ಪ್ರಕರಣ ಸಾಕು. ಪೋಲೆಂಡಿನಿಂದ ಅಂಚೆಯಲ್ಲಿ ಬಂದ ಪೊಟ್ಟಣವನ್ನು ಚೆನ್ನೈನ ಸುಂಕ ಅಧಿಕಾರಿಗಳು ಬಿಚ್ಚಿದಾಗ ಹತ್ತಿ ಸುತ್ತಿದ ಪುಟ್ಟ ಶೀಶೆಗಳಲ್ಲಿ 107 ಜೀವಂತ ಜೇಡಗಳಿದ್ದವು.

ಕಾನೂನು ತಡವಾಗಿಯಾದರೂ ಎಚ್ಚೆತ್ತಿದೆ. 2022ರ ತಿದ್ದುಪಡಿಯ ಮೂಲಕ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಾಲ್ಕನೆಯ ಅನುಸೂಚಿಯು ಸೈಟಿಸ್ ಪಟ್ಟಿಯ ಜೀವಿಗಳಿಗೆ ಮೀಸಲಾಯಿತು. 2024ರ ನಿಯಮಗಳ ಪ್ರಕಾರ ಅಂಥ ಜೀವಿಯನ್ನು ಇಟ್ಟುಕೊಂಡವರು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು; ಮರಿ ಹುಟ್ಟಿದರೂ ತಿಳಿಸಬೇಕು. ಪಟ್ಟಿಯಲ್ಲಿಲ್ಲದ ಜೇಡಗಳ ಬಗೆಗೆ ಈ ನಿಯಮಗಳು ಮೌನವಾಗಿವೆ. ಸರ್ಕಾರ ಈ ಲೋಪವನ್ನು ತುಂಬಬೇಕೆಂಬುದು ನಮ್ಮ ಆಗ್ರಹ. ಆದರೆ ನೋಂದಣಿಯ ಪತ್ರವು ನಿರ್ದೋಷಿತ್ವದ ಪತ್ರವಲ್ಲ. ‘ಲೆಕ್ಕ ಕೊಟ್ಟಿದ್ದೀಯಾ?’ ಎಂದಷ್ಟೇ ಕಾನೂನು ಕೇಳುತ್ತದೆ, ‘ಇದು ಬೇಕಿತ್ತೇ?’ ಎಂದು ಕೇಳುವುದು ವ್ರತ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಮೊದಲು ಹೇಳುವುದೇ ಬಂಧವನ್ನು. ಇಲ್ಲಿ ಹವ್ಯಾಸಿಗಳ ವಾದವನ್ನೂ ಕೇಳೋಣ: ಹೆಣ್ಣು ಟರಾಂಟುಲಾ ಕಾಡಿನಲ್ಲಿಯೂ ಬಹುಕಾಲ ಒಂದೇ ಪೊಟರೆಯಲ್ಲಿ ಕುಳಿತಿರುತ್ತದೆ, ಡಬ್ಬಿ ಅದಕ್ಕೆ ಸೆರೆಯಲ್ಲ. ಇದರಲ್ಲಿ ತಥ್ಯ ಇದ್ದೀತು. ಆದರೆ ಜಿರಳೆಗಳ ಡಬ್ಬಿಗೆ ಉತ್ತರವೇನು? ವಾರಕ್ಕೆ ಒಂದೆಂದು ಹಿಡಿದರೂ ಹದಿನಾಲ್ಕು ಜೇಡಗಳಿಗೆ ವರ್ಷಕ್ಕೆ 728 ತ್ರಸ ಜೀವಗಳು. ಕಾಡಿನ ಜೇಡವೂ ಕೀಟವನ್ನು ತಿನ್ನುತ್ತದೆ, ನಿಜ; ಆದರೆ ಅಲ್ಲಿ ಉಣಿಸುವ ಕೈ ನಮ್ಮದಲ್ಲ. ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನೂ ಬಲ್ಲ ಸಮಾಜಕ್ಕೆ ‘ಏನೂ ಕೊಲ್ಲುವುದಿಲ್ಲ’ ಎಂಬ ಮಾತು ಸಾಲದು. ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಕಾರ್ತಿಕೇಯಾನುಪ್ರೇಕ್ಷೆ ಅನರ್ಥದಂಡದಲ್ಲಿ ಸೇರಿಸಿದೆ. ಅಂದರೆ ಪ್ರಯೋಜನವಿಲ್ಲದ ಹಿಂಸೆ. ಹವ್ಯಾಸಕ್ಕೆ ಇದಕ್ಕಿಂತ ತಕ್ಕ ಹೆಸರಿಲ್ಲ. ಹಾಗೆಂದು ಮಾಂಸಾಹಾರಿ ಜೀವಿಗೆ ಕರುಣೆ ಇಲ್ಲವೆಂದಲ್ಲ. ದೆಹಲಿಯ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆ ಗಾಯಗೊಂಡ ಹದ್ದಿಗೂ ಚಿಕಿತ್ಸೆ ನೀಡುತ್ತದೆ; ಒಳರೋಗಿಯಾಗಿ ಇಟ್ಟುಕೊಳ್ಳುವುದಿಲ್ಲ, ಅಷ್ಟೆ.

‘ಮರಿ ಮಾಡಿಸಿ ಜಾತಿಯನ್ನು ಉಳಿಸುತ್ತಿದ್ದೇವೆ’ ಎಂಬುದು ಇನ್ನೊಂದು ವಾದ. ಸಾಕಿದ ಮರಿಗಳು ಸಿಕ್ಕಷ್ಟೂ ಕಾಡಿನಿಂದ ಹಿಡಿಯುವುದು ತಗ್ಗಬಹುದೆಂಬುದನ್ನು ಒಪ್ಪೋಣ. ಆದರೆ ಫ್ಲಾಟಿನಲ್ಲಿ ಹುಟ್ಟಿದ ಮರಿ ನಂದ್ಯಾಲದ ಕಾಡಿಗೆ ಮರಳುವುದಿಲ್ಲ. ಕೊರಿಯರಿನಲ್ಲಿ ಇನ್ನೊಂದು ಫ್ಲಾಟಿಗೆ ಹೋಗುತ್ತದೆ. ಒಂದು ಮೊಟ್ಟೆಚೀಲದಿಂದ ನೂರಕ್ಕೂ ಹೆಚ್ಚು ಮರಿಗಳು ಹೊರಬರಬಹುದು. ಅಷ್ಟಕ್ಕೂ ಜೀವಂತ ಆಹಾರ ಬೇಕು, ಅಷ್ಟಕ್ಕೂ ಗಿರಾಕಿ ಬೇಕು. ಜಾತಿ ಉಳಿಯಬೇಕಾದರೆ ಪೊಟರೆಯುಳ್ಳ ಮುದಿಮರ ಉಳಿಯಬೇಕು.

ಹಾಗಾದರೆ ಮಾಡಬೇಕಾದುದೇನು? ಹೊಸದಾಗಿ ಕೊಳ್ಳಬೇಡಿ, ಮರಿ ಮಾಡಿಸಬೇಡಿ. ಈಗಾಗಲೇ ಇದ್ದರೆ ಕೋಪದಲ್ಲಿ ಕೊಲ್ಲಿಸಲೂ ಬೇಡಿ, ‘ಜೀವದಾನ’ವೆಂದು ಪಾರಸಿಕ ಗುಡ್ಡದಲ್ಲಿ ಬಿಡಲೂ ಬೇಡಿ. ಪರದೇಶದ ಜೀವಿ ಅಲ್ಲಿ ತಾನೂ ಸಾಯಬಹುದು, ಅಲ್ಲಿಯ ಜೀವಿಗಳಿಗೂ ಕೇಡಾಗಬಹುದು. ನಿಯಮದಂತೆ ನೋಂದಾಯಿಸಿ, ಅರಣ್ಯ ಇಲಾಖೆಯ ಸಲಹೆ ಪಡೆಯಿರಿ. ಇಟ್ಟುಕೊಳ್ಳಲೇಬೇಕಾದರೆ ಅದರ ಆಯುಷ್ಯ ಮುಗಿಯುವವರೆಗೆ ಹೊಣೆ ನಿಮ್ಮದೇ. ಹೆಣ್ಣು ಹತ್ತು ವರ್ಷ ಮೀರಿ ಬದುಕುವುದುಂಟು.

ಹಿರಿಯರಿಗೂ ಒಂದು ಮಾತು. ದಶಲಕ್ಷಣ ಪರ್ವಕ್ಕೆ ಮುನ್ನ ಮನೆಗೆಲ್ಲ ಜಿರಳೆ ಔಷಧ ಹೊಡೆಸುವ ನಾವು ಮಗನ ಡಬ್ಬಿಯ ಜಿರಳೆಗಾಗಿ ಮರುಗಿದರೆ ಅವನು ನಕ್ಕಾನು. ಮೊದಲು ನಮ್ಮ ಅಡುಗೆಮನೆಯನ್ನು ನೋಡಿಕೊಳ್ಳೋಣ. ಆಮೇಲೆ ಮಳೆಗಾಲದ ಒಂದು ಭಾನುವಾರ ಅವನೊಡನೆ ಬೊರಿವಲಿಯ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋಣ. ಜೇಡ ತನ್ನ ಮನೆಯಲ್ಲಿ ತಾನಿರುವುದನ್ನು ನಿಂತು ನೋಡಲಿ. ಅವನ ಕೌತುಕ ಉಳಿಯಬೇಕು, ಡಬ್ಬಿಗಳು ಖಾಲಿಯಾಗಬೇಕು.