ತೌಡು ಯಾರ ಪಾಲಿಗೆ?

ಹೊಸದುರ್ಗ, ಹಿರಿಯೂರು ಸೀಮೆಯ ಸಾಮೆ, ನವಣೆಗಳು ಈಗ ಪೇಟೆಯಲ್ಲಿ ‘ಶುಗರ್‌ಗೆ ಮದ್ದು’ ಎಂಬ ಹಣೆಪಟ್ಟಿ ಹೊತ್ತು ಕೂತಿವೆ. ಪುರಾವೆ ಕೇಳಿದರೆ ಇಲಿಗಳ ಮೇಲಿನ ಪ್ರಯೋಗಗಳನ್ನೂ ಮುಂದಿಡುತ್ತಾರೆ. ಆ ಇಲಿಗಳು ನಿಜಕ್ಕೂ ತಿಂದದ್ದೇನು?

ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸ್ಟ್ರೆಪ್ಟೊಜೊಟೊಸಿನ್ ಚುಚ್ಚಿದರೆ ಇನ್ಸುಲಿನ್ ಸ್ರವಿಸುವ ಕೋಶಗಳು ಹಾಳಾಗುತ್ತವೆ. ಹಾಗೆ ಮಧುಮೇಹ ಬರಿಸಿದ ಇಲಿಗಳ ಆಹಾರಕ್ಕೆ ನೂರಕ್ಕೆ 20 ಪಾಲು ರಾಗಿಯ ಹೊರಪದರ ಬೆರೆಸಿದಾಗ, ಅವುಗಳ ರಕ್ತದ ಸಕ್ಕರೆ ಮಿಕ್ಕ ಮಧುಮೇಹಿ ಇಲಿಗಳಿಗಿಂತ ಕಡಿಮೆಯಾಯಿತು. ಬೆರೆಸಿದ್ದು ಮುದ್ದೆಯನ್ನಲ್ಲ, ನಾರು ಮತ್ತು ಪಾಲಿಫಿನಾಲ್ ದಟ್ಟವಾಗಿರುವ ಸಿಪ್ಪೆಯನ್ನು. ಹಿಟ್ಟು ಜರಡಿ ಹಿಡಿದಾಗ ಮೇಲೆ ಉಳಿಯುವುದು ಬಹುಪಾಲು ಅದೇ.

ಸಾಮೆಯದೂ ಇದೇ ಪಾಡು. ಹೊಟ್ಟು ಬಿಡಿಸದೆ ವಿಧಿಯಿಲ್ಲ. ಆದರೆ ಅಕ್ಕಿ ಬೆಳ್ಳಗಾಗಲೆಂದು ಇನ್ನೊಂದು ಸುತ್ತು ಪಾಲಿಶ್ ಕೊಟ್ಟರೆ ತೌಡು ಎಮ್ಮೆಯ ಬಾನಿಗೆ, ಬರೀ ಪಿಷ್ಟ ಶುಗರ್ ಇರುವವರ ತಟ್ಟೆಗೆ. ಅದನ್ನು ನುಣ್ಣಗೆ ಬೀಸಿ ಗಂಜಿ ಕಾಯಿಸಿದರಂತೂ ಇಡಿ ಕಾಳಿಗಿಂತ ಬೇಗ ಸಕ್ಕರೆಯಾಗಿ ರಕ್ತ ಸೇರುತ್ತದೆ.

ತಿನ್ನುವ ಒಡಲೂ ಒಂದೇ ಅಲ್ಲ. ಮುದ್ದೆ ತಿಂದು ಬೆಳೆದ ನಾಯಿಗೆ ಪಿಷ್ಟ ಅರಗುತ್ತದೆ. ಪಿಷ್ಟ ಒಡೆಯುವ ಅಮೈಲೇಸ್ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಹೆಚ್ಚೆಂದು 2013ರ ಸಂಶೋಧನೆ ತೋರಿಸಿತು. ಆದರೂ ನಾಯಿಗೆ ಮಧುಮೇಹ ಬಂದರೆ ಸಾಮಾನ್ಯವಾಗಿ ಅದು ಇನ್ಸುಲಿನ್ ಕೊರತೆಯದು. ನಾರಿನ ಊಟ ಏರಿಳಿತ ತಗ್ಗಿಸೀತು, ಸೂಜಿಯನ್ನು ತಪ್ಪಿಸದು. ಬೆಕ್ಕಿನದು ನಮ್ಮ ಟೈಪ್ 2ಕ್ಕೆ ಹತ್ತಿರದ ಕಾಯಿಲೆ. ಪಿಷ್ಟ ಇಳಿಸಿ, ಪ್ರೋಟೀನ್ ಏರಿಸಿ, ಇನ್ಸುಲಿನ್ ಕೊಟ್ಟರೆ ಕೆಲವು ಬೆಕ್ಕುಗಳಿಗೆ ಕೊನೆಗೆ ಸೂಜಿಯೇ ಬೇಡವಾಗುತ್ತದೆ. ಅಲ್ಲಿ ಯಾವ ಧಾನ್ಯ ಎಂಬುದಕ್ಕಿಂತ ಎಷ್ಟು ಎಂಬುದೇ ಮುಖ್ಯ.

ಹಾಗಾದರೆ ಇಲಿಯ ಪ್ರಯೋಗ ದಂಡವೇ? ಅಲ್ಲ. ಕಾಳಿನ ಯಾವ ಭಾಗದಲ್ಲಿ ಗುಣವಿದೆ ಎಂಬ ಸುಳಿವು ಅದರಿಂದ ಸಿಕ್ಕಿತು. ಆದರೆ ಊಟದ ಐದನೇ ಒಂದು ಪಾಲು ಸಿಪ್ಪೆ ತಿನ್ನುವವರು ನಮ್ಮಲ್ಲಿ ಯಾರೂ ಇಲ್ಲ. ಆದ್ದರಿಂದ ಅದನ್ನು ನಂಬಿ ಮಾತ್ರೆ ಬಿಡುವುದು ಅಪಾಯ.

ತೌಡಿನ ಎಣ್ಣೆಯಿಂದಾಗಿ ಪಾಲಿಶ್ ಮಾಡದ ಸಾಮೆ ಅಕ್ಕಿ ಬೇಗ ಕಮಟು ಹಿಡಿಯುತ್ತದೆ ಎನ್ನುವ ವ್ಯಾಪಾರಿಯ ಮಾತು ಸುಳ್ಳಲ್ಲ. ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂರಬೇಕಾದ ಬೆಂಗಳೂರಿನ ಪ್ಯಾಕೆಟ್ಟಿಗೆ ಆ ಚಿಂತೆ ಇರಲಿ. ಬೆಳೆದ ಊರಿನಲ್ಲೇ ಮಿಲ್ ಮಾಡಿಸಿ ಉಣ್ಣುವ ಹೊಸದುರ್ಗದವರು ಬಿಳುಪಿಗೆ ಮರುಳಾಗಿ ತೌಡು ಕಳೆದುಕೊಳ್ಳಬೇಕಾದ ಕಾರಣವೇ ಇಲ್ಲ.