ಸತ್ತ ಕುದುರೆಯ ಬಾಲ ಮತ್ತು ಎರಡು ಮಾರ್ಕ್ಸು

ಮೊನ್ನೆ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಬಿ.ಎ. ಓದುತ್ತಿರೋ ಅವಳ ಮಗಳು ಮುಖ ಊದಿಸಿಕೊಂಡು ಕೂತಿದ್ದಳು. ಇತಿಹಾಸದ ಟೆಸ್ಟಿನಲ್ಲಿ ಹತ್ತು ಅಂಕದ ಪ್ರಶ್ನೆ: ವಿಜಯನಗರದ ಇತಿಹಾಸಕ್ಕೆ ಆಧಾರವಾಗಿ ವಿದೇಶಿ ಪ್ರವಾಸಿಗರ ಬರಹಗಳನ್ನು ವಿಮರ್ಶಿಸಿ. ಕಾಂಟಿ, ಅಬ್ದುಲ್ ರಜಾಕ್, ಪಾಯೆಸ್, ನ್ಯೂನಿಜ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕೊನೆಗೆ ಒಂದು ಸಾಲು ಸೇರಿಸಿದ್ದಾಳೆ, "ನ್ಯೂನಿಜ್ ಹೇಳುವ ಸೈನ್ಯದ ಸಂಖ್ಯೆ ಉತ್ಪ್ರೇಕ್ಷೆ, ನಂಬಲಾಗದು." ಮೇಷ್ಟ್ರು ಅದಕ್ಕೆ ಕೆಂಪು ಗೀಟು ಎಳೆದು, 'ಪಠ್ಯದಲ್ಲಿರುವುದನ್ನು ಬರೆಯಿರಿ' ಅಂತ ಬರೆದು, ಎರಡು ಮಾರ್ಕ್ಸ್ ಕಳೆದಿದ್ದಾರೆ.

"ನೋಡು ಮಾಮ, ವಿಮರ್ಶಿಸಿ ಅಂತಾರೆ, ವಿಮರ್ಶಿಸಿದ್ರೆ ಕಟ್ ಮಾಡ್ತಾರೆ!"

ಮೇಷ್ಟ್ರ ಷರಾ ನನಗೂ ಉರಿಸಿತು. ಆದ್ರೆ ನಿಜ ಹೇಳ್ಬೇಕಂದ್ರೆ ಹುಡುಗಿಯ ಸಾಲೂ ವಿಮರ್ಶೆ ಅಲ್ಲ, ಬರೀ ತೀರ್ಪು. ಯಾಕೆ ನಂಬಲಾಗದು ಅನ್ನೋದೇ ಇಲ್ಲವಲ್ಲ!

1520ರ ರಾಯಚೂರು ಯುದ್ಧಕ್ಕೆ ಕೃಷ್ಣದೇವರಾಯ 7,03,000 ಕಾಲಾಳು, 32,600 ಕುದುರೆ, 551 ಆನೆ ತಂದಿದ್ದ ಅಂತಾನೆ ನ್ಯೂನಿಜ್. ಅವನು ವಿಜಯನಗರದಲ್ಲಿ ಇದ್ದದ್ದು 1535-37ರ ಸುಮಾರಿಗೆ, ರಾಯ ತೀರಿಕೊಂಡ ಮೇಲೆ. ಹದಿನೈದು ವರ್ಷ ಹಿಂದಿನ ಆನೆಗಳನ್ನು ಒಂದೊಂದಾಗಿ ಎಣಿಸಿದವರು ಯಾರು? ಇಷ್ಟು ಬರೆದಿದ್ದರೆ ಅದು ವಿಮರ್ಶೆ.

ಹಾಗಂತ ಅವನನ್ನು ಕಸದ ಬುಟ್ಟಿಗೆ ಹಾಕೋ ಹಾಗಿಲ್ಲ. ಆಸಾಮಿ ಕುದುರೆ ವ್ಯಾಪಾರಿ ಅಂತಾರೆ. ಸಾಳುವ ನರಸಿಂಹ ಸಾವಿರ ಪರ್ದಾವ್‌ಗೆ ಮೂರರಂತೆ ಕುದುರೆ ಕೊಳ್ಳುತ್ತಿದ್ದನಂತೆ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ದುಡ್ಡು ಎಣಿಸುತ್ತಿದ್ದನಂತೆ! ಇದೂ ಅವನು ಕಂಡದ್ದಲ್ಲ, ಕೇಳಿದ್ದೇ. ನನಗಂತೂ ಇದು ವ್ಯಾಪಾರಿಗಳ ಬಾಯಲ್ಲಿ ಸುತ್ತಾಡಿದ ಕಥೆಯ ಹಾಗೆ ಕಾಣುತ್ತೆ. ಆದರೆ ಕಥೆಯೇ ಆದರೂ, ಅರಸರಿಗೆ ಕುದುರೆಯ ದಾಹ ಎಷ್ಟಿತ್ತು ಅಂತ ತಿಳಿಯೋಕೆ ಬಾಲ ಸಾಕು. ಒಂದೇ ಪುಸ್ತಕ ಒಂದು ಪ್ರಶ್ನೆಗೆ ದುರ್ಬಲ ಸಾಕ್ಷಿ, ಇನ್ನೊಂದಕ್ಕೆ ಗಟ್ಟಿ ಸಾಕ್ಷಿ. ಗೈಡುಗಳಲ್ಲಿ ಇದು ಬರೋದೇ ಇಲ್ಲ. ಅಲ್ಲಿರೋದು 'ಪ್ರಮುಖ ಆಧಾರ', ಇಲ್ಲಾಂದ್ರೆ 'ವಿದೇಶೀಯನಾದ್ದರಿಂದ ಪೂರ್ವಗ್ರಹ'. ಎರಡೂ ಉರು ಹೊಡೆಯೋ ಮಾತುಗಳೇ.

ಪಾಯೆಸ್‌ನನ್ನು ನೋಡಿ. ಬೆಟ್ಟ ಹತ್ತಿ ನೋಡಿದೆ, ನಡುವೆ ಗುಡ್ಡಗಳಿದ್ದುದರಿಂದ ಊರು ಪೂರ್ತಿ ಕಾಣಲಿಲ್ಲ, ಕಂಡಷ್ಟೇ ರೋಮ್‌ನಷ್ಟು ದೊಡ್ಡದು ಅಂತಾನೆ. ಎಲ್ಲರೂ ರೋಮ್ ಅನ್ನು ಹಿಡ್ಕೊಂಡು ಬೆಟ್ಟವನ್ನು ಬಿಟ್ಟುಬಿಡ್ತಾರೆ! ತಾನು ಎಲ್ಲಿ ನಿಂತು ನೋಡಿದೆ, ಏನು ಕಾಣಲಿಲ್ಲ ಅಂತ ಹೇಳೋ ಸಾಕ್ಷಿಯ ಮೇಲೆ ನನಗೆ ನಂಬಿಕೆ ಜಾಸ್ತಿ. ಕಾಂಟಿಯಂತೂ ತಾನೇ ಬರೆದವನಲ್ಲ, ಇಟಲಿಗೆ ಮರಳಿದ ಮೇಲೆ ಅವನು ಹೇಳಿದ್ದನ್ನು ಪೋಪರ ಕಾರ್ಯದರ್ಶಿ ಪೊಗ್ಗಿಯೊ ಲ್ಯಾಟಿನ್ನಿನಲ್ಲಿ ಬರೆದಿಟ್ಟ.

"ಇದನ್ನೆಲ್ಲ ಬರೀತಾ ಕೂತ್ರೆ ಉಳಿದ ಪ್ರಶ್ನೆಗಳಿಗೆ ಟೈಮ್ ಎಲ್ಲಿದೆ ಮಾಮ?" ಅಂದಳು. ನಾಲ್ವರ ಬದಲು ಇಬ್ಬರ ಬಗ್ಗೆ ಬರಿ, ಪ್ರತಿ ತೀರ್ಪಿಗೂ ಒಂದು 'ಯಾಕೆಂದರೆ' ಹಾಕು ಅಂದೆ. "ಫೈನಲ್‌ನಲ್ಲಿ ಇನ್ನೂ ಎರಡು ಹೋದ್ರೆ ನೀನು ಕೊಡ್ತೀಯಾ?" ಅಂದಳು. ಉತ್ತರ ಹೊಳೆಯಲಿಲ್ಲ. ಇಲ್ಲಿಗೆ ಬರೋರಲ್ಲಿ ಪೇಪರ್ ತಿದ್ದೋ ಮೇಷ್ಟ್ರುಗಳಿದ್ದೀರಿ ಅಂತ ಗೊತ್ತು. ನೀವಾಗಿದ್ರೆ ಅಂಥ ಉತ್ತರಕ್ಕೆ ಎಷ್ಟು ಹಾಕ್ತಿದ್ರಿ?