ಗಾಜಿನ ತೊಟ್ಟಿಯೊಳಗಣ ಹಿಂಸೆ

ಉಪ್ಪುನೀರಿನ ಮೀನುತೊಟ್ಟಿಯನ್ನು ಪಡಸಾಲೆಯಲ್ಲಿರಿಸುವುದು ನಿರ್ದೋಷವಾದ ಹವ್ಯಾಸವೆಂದು ನಮ್ಮವರಲ್ಲಿಯೂ ಕೆಲವರು ಭಾವಿಸುತ್ತಾರೆ. ‘ನಾವು ಮೀನನ್ನು ತಿನ್ನುವುದಿಲ್ಲ, ಸಾಕುತ್ತೇವೆ’ ಎಂಬುದು ಅವರ ಸಮಾಧಾನ. ಆದರೆ ಮೊದಲ ಮೀನು ಬರುವ ಮುನ್ನವೇ ಆ ತೊಟ್ಟಿಗಾಗಿ ನಡೆದುಹೋಗುವ ಹಿಂಸೆಯನ್ನು ಅವರು ಗಣಿಸಿದಂತೆ ತೋರುವುದಿಲ್ಲ.

ಈ ತೊಟ್ಟಿಯ ಬುನಾದಿ ‘ಲೈವ್ ರಾಕ್’, ಅಂದರೆ ಜೀವಂತ ಶಿಲೆ. ಇವು ಸತ್ತ ಹವಳದ ಅಸ್ಥಿಪಂಜರದ ತುಂಡುಗಳು. ಫಿಜಿ, ಟೋಂಗಾ, ಇಂಡೋನೇಷ್ಯಾಗಳ ಹವಳದ ದಿಬ್ಬಗಳಿಂದ ಇವನ್ನು ತೆಗೆದು ಮಾರುತ್ತ ಬಂದಿದ್ದಾರೆ. ಇದರ ರಂಧ್ರಗಳಲ್ಲಿ ಹುಳುಗಳು, ಸ್ಪಂಜುಗಳು, ಪುಟ್ಟ ಏಡಿಗಳು, ಶಂಖಜಾತಿಯ ಜೀವಿಗಳು ನೆಲೆಸಿರುತ್ತವೆ. ಕಲ್ಲೆಂದು ಕರೆದ ಮಾತ್ರಕ್ಕೆ ಇದು ಕೇವಲ ಪೃಥ್ವೀಕಾಯವಲ್ಲ, ತ್ರಸಜೀವಿಗಳ ವಸತಿ. ನೀರಿನಿಂದ ಹೊರತೆಗೆದು ದೂರದೇಶಕ್ಕೆ ಸಾಗಿಸುವಾಗ ಇವುಗಳಲ್ಲಿ ಬಹಳಷ್ಟು ಸಾಯುತ್ತವೆ. ಕಲ್ಲನ್ನು ಆರಿಸುವವರಿಗೆ ಬಲ್ಲವರು ಹೇಳುವ ಪರೀಕ್ಷೆಯೇ ಇದಕ್ಕೆ ಸಾಕ್ಷಿ: ಮೂಸಿ ನೋಡಿ, ಕೊಳೆತ ನಾತವಿದ್ದರೆ ಕೊಳ್ಳಬೇಡಿ. ಆ ನಾತ ಶವಗಳದು. ನಾತವಿಲ್ಲದ ಕಲ್ಲಿನಲ್ಲಿ ಸಾವು ನಡೆದಿಲ್ಲವೆಂದಲ್ಲ; ಮಾರುವವನ ತೊಟ್ಟಿಯಲ್ಲಿ ಅದು ಮೊದಲೇ ಮುಗಿದಿರುತ್ತದೆ.

ಅನಂತರದ್ದು ನೀರನ್ನು ಹದಗೊಳಿಸುವ ‘ಸೈಕ್ಲಿಂಗ್’. ಕೊಳೆಯುವ ದೇಹಗಳಿಂದ ಅಮೋನಿಯಾ ಹುಟ್ಟುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಇದಕ್ಕೆ ಸಾಮಾನ್ಯವಾಗಿ 3ರಿಂದ 6 ವಾರಗಳು ಬೇಕು. ಗಟ್ಟಿಜೀವವೆಂದು ಡ್ಯಾಮ್ಸೆಲ್ ಮೀನುಗಳನ್ನು ಈ ವಿಷಜಲದಲ್ಲಿ ಬಿಟ್ಟು, ಅವುಗಳ ಮಲಮೂತ್ರದಿಂದಲೇ ಈ ಕ್ರಿಯೆಯನ್ನು ಆರಂಭಿಸುವುದು ಬಹುಕಾಲದ ರೂಢಿ. ಪಂಚೇಂದ್ರಿಯ ಜೀವಿಯ ಕಿವಿರು ಬೇಯುವುದೆಂದು ತಿಳಿದೂ ಮಾಡುವ ಈ ಕಾರ್ಯ ಸಂಕಲ್ಪೀ ಹಿಂಸೆಯಲ್ಲದೆ ಮತ್ತೇನು? ಗೃಹಸ್ಥನಿಗೆ ಅನಿವಾರ್ಯವಾದ ಆರಂಭೀ, ಉದ್ಯೋಗೀ ಹಿಂಸೆಗಳ ನೆಪ ಇಲ್ಲಿ ಸಲ್ಲದು.

ಒಣ ಕಲ್ಲನ್ನಿಟ್ಟು, ಶೀಸೆಯ ಅಮೋನಿಯಾ ಬೆರೆಸಿ, ಮೀನಿಲ್ಲದೆಯೇ ನೀರನ್ನು ಹದಗೊಳಿಸಬಹುದೆಂದು ಕೆಲವರು ವಾದಿಸಿಯಾರು. ಹಿಂಸೆ ಅಷ್ಟರಮಟ್ಟಿಗೆ ಕಡಿಮೆಯಾಗುವುದು ನಿಜ. ಆದರೆ ಆಮೇಲೆ ತರುವ ಸಮುದ್ರದ ಮೀನುಗಳಲ್ಲಿ ಬಹುಪಾಲು ಇಂದಿಗೂ ಬಲೆಗೆ ಸಿಕ್ಕ ಕಾಡುಜೀವಿಗಳೇ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ತತ್ತ್ವಾರ್ಥಸೂತ್ರವು ಮೊದಲು ಹೆಸರಿಸುವುದು ಬಂಧವನ್ನು. ಬಲೆ ಬೀಸಿದವನು ಬೇರೆಯವನೆಂಬ ಮಾತೂ ನಿಲ್ಲದು; ಕೃತದಂತೆಯೇ ಕಾರಿತ, ಅನುಮೋದನೆಗಳಿಗೂ ಆಸ್ರವವುಂಟು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ಸೇರಿಸಿ ಸರ್ಕಾರವೇ ಅವುಗಳಿಗೆ ರಕ್ಷಣೆಯಿತ್ತಿತು. ರಾಜಶಾಸನ ಕಂಡ ಜೀವವನ್ನು ಜಿನಶಾಸನದ ಅನುಯಾಯಿ ಕಾಣದಿರಬಹುದೇ?

ಆದುದರಿಂದ ಧರ್ಮಬಂಧುಗಳು ಈ ತೊಟ್ಟಿಯನ್ನು ಮನೆಗೆ ತರದಿರಲಿ. ಬಸದಿಗಳ ಟ್ರಸ್ಟಿನವರು ಅತಿಥಿಗೃಹದ ಅಲಂಕಾರಕ್ಕೆಂದು ಯಾರಾದರೂ ಇದನ್ನು ದಾನವಿತ್ತರೆ ವಿನಯದಿಂದ ನಿರಾಕರಿಸಲಿ. ಪ್ರಯೋಜನವಿಲ್ಲದ ಹಿಂಸೆಗೆ ಶಾಸ್ತ್ರವಿತ್ತ ಹೆಸರು ಅನರ್ಥದಂಡ. ಅದನ್ನು ಬಿಡುವುದರಿಂದ ಯಾರಿಗೂ ಯಾವ ನಷ್ಟವೂ ಇಲ್ಲ.